ಅರವತ್ತಕ್ಕೇ ಆರುವ ಬ್ಯಾಟರಿ

ಖುಷ್ಬು ಲ್ಯಾಪ್‌ಟಾಪ್ ವಾಪಸು ತಂದಾಗ ಅದಕ್ಕೆ ಸುತ್ತಿ ಕೊಟ್ಟಿದ್ದ ಟವೆಲ್ಲನ್ನೂ ಒಗೆದು, ಇಸ್ತ್ರಿ ಮಾಡಿ ತಂದಿದ್ದಳು. ಹೊಸ್ತಿಲ ಹೊರಗೇ ನಿಂತು, "ರೇಣುಕಕ್ಕಾ, ಸಿಟ್ಟಾಗಬ್ಯಾಡ," ಅಂದಳು. "ಇದರ ಬ್ಯಾಟ್ರಿ ನನ್ನ ಕೈಯಾಗ ಹೋತು ಅನಸ್ತೈತಿ."

ಪಡಸಾಲೆಯಲ್ಲಿ ಕೂತು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದ ರೇಣುಕಾದೇವಿಯ ಬೆರಳು ಕಾಳಿನೊಳಗೇ ನಿಂತವು.

"ಏನಾತು?" ಎಂದು ಕೇಳಿದಳು. ಏನಾಗಿದೆ ಎಂಬುದು ಅವಳಿಗೆ ಗೊತ್ತಿತ್ತು.

"ಮಾಳಿಗಿ ಮ್ಯಾಲೆ ಒಯ್ದು ಕುಂತ್ರ ಒಂದು ನಿಮಿಷಕ್ಕ ಕಣ್ಣು ಮುಚ್ಚತೈತಿ. ಎಬ್ಬಸ್ತೀನಿ, ಮತ್ತ ಮುಚ್ಚತೈತಿ. ಬೆಳಕೂ ಇಲ್ಲ, ಓಡನಿ ತಲಿ ಮ್ಯಾಲೆ ಹೊದ್ದಕೊಂಡು ನೋಡಬೇಕು. ಆಮ್ಯಾಲೆ ಅರವತ್ತು ಅಂತ ತೋರಸ್ಕೋತ ತೋರಸ್ಕೋತನ ಪೂರಾ ಬಂದ್ ಆಗಿಬಿಡತೈತಿ. ಆ ಅರವತ್ತು ಅನ್ನೋದು ಸುಳ್ಳಕ್ಕಾ. ಒಳಗ ಏನೂ ಉಳಿದಿಲ್ಲ. ನಾನ ಬಿಸಲಾಗ ಇಟ್ಟೆ, ಅದಕ್ಕ ಕೆಟ್ಟಿರಬೇಕು."

"ಇರ್ಲಿ ಬಿಡು," ಅಂದಳು ರೇಣುಕಾ.

ಆ ಎರಡು ಪದದ ಮಾತು ಬಾಯಿಂದ ಬಿದ್ದ ಮೇಲೆ ಹಿಂದಕ್ಕೆ ಎತ್ತಿಕೊಳ್ಳಲು ಅವಳಿಗೆ ಆಗಲಿಲ್ಲ. ದೊಡ್ಡ ಮನಸ್ಸಿನವರು ಹೇಳುವ ಮಾತು ಅದು. ಖುಷ್ಬು ಅದನ್ನು ಹಾಗೆಯೇ ತೆಗೆದುಕೊಂಡು, ಕಣ್ಣು ಒರೆಸಿಕೊಂಡು, ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಮಂಚದ ಮೇಲೆ ಇಟ್ಟು ಹೋದಳು.

ಲ್ಯಾಪ್‌ಟಾಪ್ ರೇಣುಕಾಗೆ ಡಿಗ್ರಿ ಓದುವಾಗ ಕಾಲೇಜಿನಿಂದ ಬಂದದ್ದು. ಯಲಬುರ್ಗಾದ ಆ ಓಣಿಯಲ್ಲಿ ಅದೊಂದೇ. ತಾಲ್ಲೂಕು ಪಂಚಾಯಿತಿಯಲ್ಲಿ ಜವಾನನಾಗಿರುವ ಅವಳಪ್ಪ ಪಕೀರಪ್ಪ ಅದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ ಇಡಿಸಿದ್ದ. ಮಹಾನವಮಿಗೆ ಕುಡುಗೋಲು, ಇಳಿಗಿಮಣೆಗಳ ಜೊತೆ ಅದಕ್ಕೂ ವಿಭೂತಿ ಹಚ್ಚಿ, ಚೆಂಡುಹೂ ಏರಿಸುತ್ತಿದ್ದರು. ಉಳಿದ ದಿನ ರೇಣುಕಾ ಅದನ್ನು ಸಂಜೆಗೊಮ್ಮೆ ತೆಗೆದು, ಮನಸ್ಸಿಗೆ ಬಂದದ್ದನ್ನು ನಾಲ್ಕು ಸಾಲು ಬರೆದು, ಮತ್ತೆ ಟವೆಲ್ ಸುತ್ತಿ ಒಳಗಿಡುತ್ತಿದ್ದಳು. ಅವಳು ಮಾತಿನವಳಲ್ಲ. ಬಸ್ಸಿನಲ್ಲಿ ಟಿಕೀಟು ಕೇಳುವುದಕ್ಕೂ ಮೊದಲು ಮನಸ್ಸಿನಲ್ಲಿ ಒಮ್ಮೆ ಹೇಳಿ ನೋಡಿಕೊಳ್ಳುವವಳು.

ಹೊಸಪೇಟೆಯ ಒಂದು ಸಂಸ್ಥೆ ಕುಷ್ಟಗಿಯಲ್ಲಿ ಮಕ್ಕಳಿಗೆ ಸಂಜೆ ಪಾಠದ ಕೇಂದ್ರ ತೆರೆಯುತ್ತದೆ, ಅದಕ್ಕೊಬ್ಬ ಶಿಕ್ಷಕಿ ಬೇಕು ಎಂಬ ಸುದ್ದಿಯನ್ನು ಫೋನಿನಲ್ಲಿ ಮೊದಲು ನೋಡಿದವಳು ರೇಣುಕಾ. ಚಿತ್ರಗಳನ್ನು ಜೋಡಿಸಿ ಒಂದು ಪಾಠ ಸಿದ್ಧಮಾಡಿ, ವಿಡಿಯೋದಲ್ಲಿ ಅವರ ಮುಂದೆ ಅರ್ಧ ತಾಸು ಕಲಿಸಿ ತೋರಿಸಬೇಕಿತ್ತು. ಅರ್ಧ ತಾಸು ಕ್ಯಾಮೆರಾ ತನ್ನ ಮುಖವನ್ನೇ ನೋಡುತ್ತದೆ ಎಂದು ಎಣಿಸಿಯೇ ಅವಳು ಫೋನನ್ನು ಮಗುಚಿ ಇಟ್ಟಿದ್ದಳು. ಮರುದಿನ ನೀರಿನ ನಳದ ಹತ್ತಿರ ಖುಷ್ಬುಗೆ ಹೇಳಿದಳು. ಆ ವರ್ಷವಷ್ಟೇ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಖುಷ್ಬು, ಕೊಡ ತುಂಬಿ ಹೊರಚೆಲ್ಲುತ್ತಿದ್ದರೂ ಲೆಕ್ಕಿಸದೆ, "ನಾ ಹಾಕ್ತೀನಿ ಅಕ್ಕಾ, ನೀನೂ ಹಾಕು," ಅಂದಳು. ರೇಣುಕಾ ಹಾಕಲಿಲ್ಲ.

ಎರಡೂ ಮನೆಗಳ ನಡುವೆ ಒಂದೇ ಗೋಡೆ. ಖುಷ್ಬುವಿನ ತಾಯಿ ಶಾಹಜಾದಬಿ ಸೀರೆಗಳಿಗೆ ಪಿಕೋ, ಫಾಲ್ ಹಾಕುತ್ತಿದ್ದಳು. ಆ ಮನೆಯಲ್ಲಿದ್ದ ಒಂದೇ ಪ್ಲಗ್ಗು ಅವಳ ಮಷೀನಿಗೆ. ಒಳಗೆ ನೆಟ್‌ವರ್ಕೂ ಸಿಗುತ್ತಿರಲಿಲ್ಲ. ಏಣಿ ಹತ್ತಿ ಮಾಳಿಗೆಗೆ ಹೋದರೆ ಮಾತ್ರ ಸಿಗುತ್ತಿತ್ತು, ಮಾಳಿಗೆಗೆ ವೈರು ಮುಟ್ಟುತ್ತಿರಲಿಲ್ಲ. ಹಾಗಾಗಿ ಖುಷ್ಬು ಏನು ಮಾಡಿದರೂ ಬ್ಯಾಟರಿಯ ಮೇಲೆಯೇ ಮಾಡಬೇಕು. ರೇಣುಕಾಳ ಪಡಸಾಲೆಯಲ್ಲಿ ನೆಟ್‌ವರ್ಕೂ ಇತ್ತು, ಪ್ಲಗ್ಗೂ ಇತ್ತು. "ಇಲ್ಲೇ ಬಾ, ಕುಂತು ಮಾಡು," ಎಂದು ಅವಳು ಒಂದು ಸಲವೂ ಕರೆಯಲಿಲ್ಲ. ಮೊದಲ ಸಲ ಖುಷ್ಬು ಬಂದು ಕೇಳಿದಾಗ ಬೀರು ತೆಗೆದು ಕೊಟ್ಟಿದ್ದಳು. ಖುಷ್ಬು ದಿನಾ ಸಂಜೆ ಒಯ್ದು, ಕತ್ತಲಾಗುವ ಮುಂಚೆ ತಂದುಕೊಡುತ್ತಿದ್ದಳು.

ಒಂದು ಸಂಜೆ ಪಕೀರಪ್ಪ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ತರಲು ಹೋದವನು ಆಚೆ ಮಾಳಿಗೆಯಲ್ಲಿ ಕೂತ ಖುಷ್ಬುವನ್ನು ನೋಡಿದ. ಕೆಳಗಿಳಿದು ಬಂದು ಊಟಕ್ಕೆ ಕೂತಾಗ ಅಂದ: "ಆ ಹುಡುಗಿ ಬೆರಳು ಹೆಂಗ ಓಡ್ತಾವ ನೋಡಬೇಕವಾ! ಮಾವಿನಹಣ್ಣು, ಅಳತಿಪಟ್ಟಿ, ಏನೇನೋ ಚಿತ್ರ ಎಬ್ಬಸ್ಯಾಳ. ನೀ ಅದನ್ನ ಇಷ್ಟು ವರ್ಷ ಬರೇ ಕಾವಲು ಕಾದಿ."

ನಗುತ್ತಲೇ ಅಂದದ್ದು. ರೇಣುಕಾ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಆ ಮನೆಯಲ್ಲಿ ಕೇಳಿ ಬಂದವರಿಗೆ "ಇಲ್ಲ" ಅನ್ನುವ ಪದ್ಧತಿ ಇರಲಿಲ್ಲ. ಸಕ್ಕರೆ ತೀರಿದರೆ "ಸಕ್ಕರಿ ಹೆಚ್ಚೈತಿ" ಅನ್ನಬೇಕು. ಕೊಡಲು ಮನಸ್ಸಿಲ್ಲದಿದ್ದರೆ ಅದಕ್ಕೂ ಹಾದಿ ಇತ್ತು. ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಹಾಲು ಹೊರಗೆ ಹೋಗಬಾರದಲ್ಲ, ಸಂದಿಮನೆಯ ಬಾನುಬೀ ಹೆಪ್ಪಿಗೆ ಬಟ್ಟಲು ಹಿಡಿದು ಬರುವುದು ಕಂಡರೆ ಅವ್ವ ಹೊತ್ತಿರುವಾಗಲೇ ಓಡಿಹೋಗಿ ದೇವರ ಮುಂದೆ ದೀಪ ಹಚ್ಚಿಬಿಡುತ್ತಿದ್ದಳು. ಆಮೇಲೆ ಬಾಗಿಲಿಗೆ ಬಂದು, "ಅಯ್ಯ, ಈಗರ ಹಚ್ಚಿದ್ನೆವ್ವಾ," ಎಂದು ಮರುಗುತ್ತಿದ್ದಳು. ಯಾರಿಗೂ ನೋವಿಲ್ಲ, ಯಾರ ಮುಖವೂ ಸಣ್ಣದಾಗುವುದಿಲ್ಲ.

ಲ್ಯಾಪ್‌ಟಾಪಿಗೆ ಅಂಥ ದೀಪ ಯಾವುದು ಎಂದು ರೇಣುಕಾ ಹುಡುಕಿದಳು. ಕಂಟ್ರೋಲ್ ಪ್ಯಾನೆಲ್‌ನೊಳಗೆ, ಪವರ್ ಆಪ್ಶನ್ಸ್ ಎಂಬಲ್ಲಿ ಸಿಕ್ಕಿತು. ಅಲ್ಲಿ ಪ್ರತಿಯೊಂದಕ್ಕೂ ಎರಡೆರಡು ಮನೆಗಳಿದ್ದವು. ಒಂದು, ಪ್ಲಗ್ ಹಾಕಿದ್ದಾಗ ಹೇಗಿರಬೇಕು. ಇನ್ನೊಂದು, ಬ್ಯಾಟರಿಯ ಮೇಲಿದ್ದಾಗ ಹೇಗಿರಬೇಕು. ಪ್ಲಗ್ಗಿನದನ್ನು ಅವಳು ಮುಟ್ಟಲಿಲ್ಲ. ಬ್ಯಾಟರಿಯ ಮೇಲಿದ್ದಾಗ ಒಂದು ನಿಮಿಷ ಯಾರೂ ಮುಟ್ಟದಿದ್ದರೆ ಮಲಗಿಬಿಡಲಿ ಎಂದಿಟ್ಟಳು. ಪರದೆಯ ಬೆಳಕನ್ನು ಎಳೆದು ತಳಕ್ಕೆ ತಂದಳು. ವೈಫೈ ಕೂಡ ಆದಷ್ಟು ಕಡಿಮೆ ಶಕ್ತಿಯಲ್ಲಿ ನಡೆಯಲಿ ಎಂದು ಆರಿಸಿದಳು. ಕೊನೆಗೆ ಇನ್ನೊಂದು ಕಂಡಿತು: ಬ್ಯಾಟರಿ ಎಷ್ಟಕ್ಕೆ ಇಳಿದರೆ ಇನ್ನು ಸಾಧ್ಯವಿಲ್ಲ ಎಂದು ಯಂತ್ರ ತಾನೇ ಬಂದ್ ಆಗಬೇಕು ಎಂಬುದು. ಅಲ್ಲಿ ಐದು ಇತ್ತು. ಅದನ್ನು ಅಳಿಸಿ ಅರವತ್ತು ಬರೆದಳು. ಅರ್ಧಕ್ಕಿಂತ ಹೆಚ್ಚು ಹೊಟ್ಟೆ ತುಂಬಿರುವಾಗಲೇ ಅದು ಉಪವಾಸ ಸಾಯುತ್ತಿದ್ದೇನೆಂದು ತಿಳಿದುಕೊಳ್ಳಬೇಕು, ಹಾಗೆ.

ಮಾಡುವಾಗ ಅದು ತಪ್ಪೆನಿಸಲಿಲ್ಲ. ಬೇಸರ ಬಂದು ಖುಷ್ಬು ತಾನೇ ಬಿಡುತ್ತಾಳೆ, ಇಲ್ಲ ಎಂದ ಪಾಪ ತನಗೆ ಬರುವುದಿಲ್ಲ, ಅಷ್ಟೇ. ತಾನೇ ಕೆಡಿಸಿದೆನೆಂದು ಆ ಹುಡುಗಿ ಟವೆಲ್ ಇಸ್ತ್ರಿ ಮಾಡಿ ತರುತ್ತಾಳೆ ಎಂದು ಅವಳಿಗೆ ಹೊಳೆದಿರಲಿಲ್ಲ.

ಮರುದಿನ ಮುಂಜಾನೆ ಶಾಹಜಾದಬಿಯೇ ಬಂದಳು. ಬಾಗಿಲ ಬಳಿ, ನೆಲಕ್ಕೆ ಕೂತಳು.

"ಮ್ಯಾಲೆ ಕುಂದುರ ಬಾರವಾ," ಎಂದು ಮಂಚದ ಮೇಲಿಂದ ಮುದುಕವ್ವ ಕರೆದಳು. ರೇಣುಕಾಳ ಅಜ್ಜಿ ಅವಳು. ಕಣ್ಣು ಮಂದ, ಬಾಯಿ ಚುರುಕು.

"ಬ್ಯಾಡ್ರಿ ಅತ್ತಿ. ಯಾವ ಮುಖ ಇಟಗೊಂಡು ಕುಂದರ್ಲಿ? ಇಷ್ಟು ವರ್ಷ ಹೂವಿನಂಗ ಕಾದಿಟ್ಟಿದ್ದ ಸಾಮಾನು, ನಮ್ಮ ಹುಡುಗಿ ಕೈಗೆ ಬಂದದ್ದ ಬಂತು, ಹಾಳಾತು. ರಾತ್ರಿ ಉಂಡಿಲ್ರಿ ಆಕಿ."

"ಯಾಕಂತ? ಅದೇನು ಎಮ್ಮಿಯೇನು, ಆಕಿ ಹಿಂಡಿ ಹಿಂಡಿ ಬತ್ತಿಸ್ಯಾಳ ಅನ್ನಾಕ? ಯಂತ್ರ ಅಂದ ಮ್ಯಾಲೆ ಕೆಡತೈತಿ. ನಾ ಕೆಟ್ಟಿಲ್ಲೇನು, ಮೊಣಕಾಲು ಎರಡೂ ಬಂದ್ ಆಗ್ಯಾವ."

ಅವ್ವ ನಕ್ಕಳು. ಶಾಹಜಾದಬಿಯೂ ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ರೇಣುಕಾಳನ್ನು ನೋಡಿ, "ನಿನ್ನ ಮನಸು ದೊಡ್ಡದವಾ. ಬ್ಯಾರೆ ಯಾರರ ಆಗಿದ್ರ ಓಣಿ ತುಂಬಾ ಬೈತಿದ್ರು," ಅಂದಳು.

ಹೇಳಬೇಕಾದ ಮಾತು ರೇಣುಕಾಳ ನಾಲಗೆಯ ತುದಿಗೆ ಬಂತು. ಅಲ್ಲೇ ಕೂತಿತು. ಇಷ್ಟು ಜನರ ಮುಂದೆ ಹೇಗೆ ಎಂದುಕೊಂಡಳು. ಒಬ್ಬಳೇ ಸಿಕ್ಕಾಗ ಖುಷ್ಬುಗೆ ಹೇಳಿದರಾಯಿತು. ಇಲ್ಲವೇ ಯಾರಿಗೂ ತಿಳಿಯದಂತೆ ಎಲ್ಲ ಮೊದಲಿನಂತೆ ಮಾಡಿಬಿಟ್ಟರಾಯಿತು. ಆದರೆ ಸತ್ತ ಬ್ಯಾಟರಿ ಒಮ್ಮೆಲೇ ಹೇಗೆ ಎದ್ದಿತು ಎಂದು ಕೇಳಿದರೆ?

ಹೋಗುವಾಗ ಶಾಹಜಾದಬಿ ಬರಿಗೈಯಲ್ಲಿ ಹೋಗಲಿಲ್ಲ. ಮದುವೆಗಳಲ್ಲಿ ಬಂದು, ಫಾಲ್ ಇಲ್ಲದೆ ಬಿದ್ದಿದ್ದ ಸೀರೆಗಳನ್ನೆಲ್ಲ ಅವ್ವನ ಕೈಯಿಂದ ಕಸಿದುಕೊಂಡು ಹೋದಳು. ಮಧ್ಯಾಹ್ನವೆಲ್ಲ ಗೋಡೆಯಾಚೆ ಅವಳ ಮಷೀನಿನ ಸದ್ದು ಕೇಳುತ್ತಲೇ ಇತ್ತು. ರೇಣುಕಾ ಹಿತ್ತಲಿಗೆ ಹೋದರೂ ಕೇಳಿಸಿತು.

ಪಾಠ ತೋರಿಸುವ ದಿನ ಹತ್ತಿರ ಬಂದಿತ್ತು. ಮುದುಕವ್ವ ತಾನೇ ಗೋಡೆಯ ಕಡೆ ಮುಖ ಮಾಡಿ ಕೂಗಿದಳು: "ಏ ಖುಷ್ಬು! ನಮ್ಮ ಪಡಸಾಲ್ಯಾಗ ಬಂದು ಮಾಡ ಬಾ. ವೈರ್ ಹಚ್ಚಿ ಕುಂದುರು. ಗೂಟಕ್ಕ ಕಟ್ಟಿದ ಮ್ಯಾಲೆ ಎಲ್ಲಿ ಓಡತೈತಿ ಅದು?"

ಖುಷ್ಬು ಬಂದಳು. ಪಾಠದ ಹಿಂದಿನ ಸಂಜೆ ಅದನ್ನು ಒಮ್ಮೆ ಪೂರ್ತಿ ಮಾಡಿ ನೋಡಿದಳು. ಗೇಣು, ಮೊಳದಿಂದ ಅಳೆಯುವ ಪಾಠ. ಬಲಗೈ ಚಾಚಿ ಗೇಣು ತೋರಿಸುತ್ತಿದ್ದಳು, ನಗಿಸುತ್ತಿದ್ದಳು, ಪ್ರಶ್ನೆ ಕೇಳುತ್ತಿದ್ದಳು. ಎಡಗೈಯ ಒಂದು ಬೆರಳು ಮಾತ್ರ ಲ್ಯಾಪ್‌ಟಾಪಿನ ಕೆಳಗಿನ ಪಟ್ಟಿಯ ಮೇಲೆ ಸುಮ್ಮನೆ ಆಚೆ ಈಚೆ ಆಡುತ್ತಲೇ ಇತ್ತು, ಮಗುವನ್ನು ತಟ್ಟುವವರ ಕೈಯಂತೆ.

"ಬೆರಳು ಯಾಕ ಹಂಗ?" ಎಂದು ರೇಣುಕಾ ಕೇಳಿದಳು.

"ಹಂಗ ಆಡಿಸ್ತಿದ್ರ ಅದು ಮಲಗಂಗಿಲ್ಲ. ಮಾಳಿಗಿ ಮ್ಯಾಲೆ ಕಂಡ ಹಿಡದೆ."

"ಈಗ ವೈರ್ ಹಚ್ಚೈತಲ್ಲ. ಮಲಗಂಗಿಲ್ಲ."

"ಗೊತ್ತಕ್ಕಾ. ಬೆರಳಿಗೆ ರೂಢಿ ಬಿದ್ದೈತಿ," ಎಂದು ಖುಷ್ಬು ನಕ್ಕು, ಕೈ ತೆಗೆದಳು. ಮಾತು ಶುರು ಮಾಡುತ್ತಿದ್ದಂತೆ ಬೆರಳು ಮತ್ತೆ ಹೋಗಿ ಅಲ್ಲೇ ಕೂತಿತು.

ಆಗ ಇದ್ದವರು ಇಬ್ಬರೇ. ಹೇಳಬಹುದಿತ್ತು. ನಾಳೆಯ ಪಾಠದ ಹೊತ್ತಿಗೆ ಈಕೆಯ ಮನಸ್ಸು ಯಾಕೆ ಕೆಡಿಸಲಿ ಎಂದು ರೇಣುಕಾ ತನಗೆ ತಾನೇ ಹೇಳಿಕೊಂಡಳು. ಪ್ಲಗ್ ಹಾಕಿಯೇ ನಡೆಯುತ್ತದಲ್ಲ. ಪಾಠ ಮುಗಿದ ಮೇಲೆ ಎಲ್ಲ ಸರಿಮಾಡಿ ಇಟ್ಟುಬಿಡುತ್ತೇನೆ.

ಆ ರಾತ್ರಿ ಬೀಸಿದ ಗಾಳಿಗೆ ಎಲ್ಲೋ ಕಂಬ ವಾಲಿ, ಬೆಳಗ್ಗೆ ಕರೆಂಟ್ ಇರಲಿಲ್ಲ. ಪಾಠದ ಹೊತ್ತು ಹತ್ತಿರ ಬರುವಾಗ ಬಂತು. ಖುಷ್ಬು ಗಡಿಬಿಡಿಯಿಂದ ವೈರ್ ಹಚ್ಚಿ, ಅಣ್ಣ ಮಾಜೀದ ಬಿಟ್ಟುಹೋಗಿದ್ದ ಫೋನಿನಿಂದ ನೆಟ್ ಕೊಟ್ಟು ಕೂತಳು. ಪರದೆಯ ಮೇಲೆ ಸಂಸ್ಥೆಯ ಕವಿತಾ ಮೇಡಂ ಮುಖ ಬಂತು. ಮಂಚದ ಮೇಲೆ ಮುದುಕವ್ವ, ಅಡುಗೆಮನೆಯ ಹೊಸ್ತಿಲಲ್ಲಿ ಅವ್ವ ಮತ್ತು ಶಾಹಜಾದಬಿ, ಉಸಿರು ಹಿಡಿದು ಕೂತಿದ್ದರು. ರೇಣುಕಾ ಖುಷ್ಬುವಿನ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಷ್ಟು ದೂರದಲ್ಲಿ ಕೂತಳು.

ಪಾಠ ಚೆನ್ನಾಗಿ ಶುರುವಾಯಿತು. "ಈ ಬಾಗಿಲು ನನ್ನ ಗೇಣಿಲೆ ಎಷ್ಟೈತಿ ನೋಡೋಣು. ಮೇಡಂ, ನಿಮ್ಮ ಮೇಜು ನಿಮ್ಮ ಗೇಣಿಲೆ ಅಳೀರಿ," ಎಂದು ಖುಷ್ಬು ಅಂದಾಗ ಮೇಡಂ ನಗುತ್ತಾ ನಿಜವಾಗಿಯೂ ಕೈ ಚಾಚಿ ಅಳೆದರು.

ಆಗ ಫ್ಯಾನು ನಿಧಾನವಾಗಿ ನಿಂತಿತು.

ಪರದೆ ಮಬ್ಬಾಯಿತು. ಖುಷ್ಬು ಒಂದು ಕ್ಷಣ ತಡೆದು, ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿಕೊಂಡು ಪಾಠ ಮುಂದುವರಿಸಿದಳು. ಎಡಗೈ ಬೆರಳು ಪಟ್ಟಿಯ ಮೇಲೆ ಓಡಾಡತೊಡಗಿತು. ರೇಣುಕಾ ಕೆಳಗಿನ ಮೂಲೆಯ ಸಣ್ಣ ಬ್ಯಾಟರಿ ಚಿತ್ರದ ಕಡೆ ನೋಡಿದಳು. ಬೆಳಗ್ಗೆಯಿಂದ ತುಂಬಿರಲಿಲ್ಲ. ಅರವತ್ತಾರು ಇತ್ತು.

ಇನ್ನೂ ಹೊತ್ತಿತ್ತು. ಕೈ ಚಾಚಿ, "ಒಂದ ನಿಮಿಷ ಮೇಡಂ," ಅಂದು, ಆ ಕಿಟಕಿ ತೆಗೆದು, ಒಂದು ಅಂಕಿ ಬದಲಿಸಿದರೆ ಮುಗಿಯಿತು. ಆ ಒಂದು ಮಾತನ್ನು ಅವಳು ಮನಸ್ಸಿನಲ್ಲಿ ಹೇಳಿ ನೋಡಿದಳು. ಒಂದ ನಿಮಿಷ ಮೇಡಂ. ಮುಖ ಕ್ಯಾಮೆರಾಕ್ಕೆ ಬೀಳುತ್ತದೆ. ಯಾರು ನೀವು ಎಂದು ಕೇಳುತ್ತಾರೆ. ಏನು ಮಾಡುತ್ತಿದ್ದೀ ಎಂದು ಖುಷ್ಬು ನೋಡುತ್ತಾಳೆ. ಅರವತ್ತನಾಲ್ಕು. ಕರೆಂಟ್ ಈಗ ಬರಬಹುದು. ಹಿಂದಿನ ವಾರ ಹೋದದ್ದು ಕೂಡಲೇ ಬಂದಿತ್ತಲ್ಲ. ಅರವತ್ತಮೂರು. ಮೇಡಂ ಏನೋ ಕೇಳಿದರು, ಖುಷ್ಬು ಉತ್ತರ ಹೇಳಿದಳು, ಎಲ್ಲರೂ ನಕ್ಕರು. ರೇಣುಕಾಗೆ ಏನೂ ಕೇಳಿಸಲಿಲ್ಲ. ಅವಳ ತೊಡೆಯ ಮೇಲೆ ಅವಳ ಎರಡೂ ಕೈ ಬೇರೆ ಯಾರದೋ ಎಂಬಂತೆ ಬಿದ್ದಿದ್ದವು. ಅರವತ್ತೊಂದು.

"ಹಂಗಾರ ನನ್ನ ಗೇಣೂ ನಿಮ್ಮ ಗೇಣೂ ಒಂದ ಅಲ್ಲ. ಅದಕ್ಕ ನಮಗೇನು ಬೇಕಾತು ಅಂದ್ರ..."

ಪರದೆ ಕಪ್ಪಾಯಿತು.

ಖುಷ್ಬು ಆ ಕಪ್ಪಿನ ಮುಂದೆ ಕೈಯನ್ನು ಗೇಣಿನಂತೆಯೇ ಚಾಚಿಕೊಂಡು ಕೂತಿದ್ದಳು. ಆಮೇಲೆ ಬಟನ್ ಒತ್ತಿದಳು, ಮತ್ತೆ ಒತ್ತಿದಳು. ತಿರುಗಿ ತಾಯಿಯ ಕಡೆ ನೋಡಿ, "ನಾನ ಕೆಡಿಸಿದ್ದು, ನನಗ ಆತು," ಅಂದಳು. ಆ ಮಾತಿನಲ್ಲಿ ಅಳುವಿರಲಿಲ್ಲ, ಅದೇ ಕೇಳುವುದಕ್ಕೆ ಕಷ್ಟವಾಯಿತು. ಫೋನ್ ಬಡಿದುಕೊಂಡಿತು. "ಕನೆಕ್ಷನ್ ಹೋಯ್ತಾ? ಸ್ವಲ್ಪ ಹೊತ್ತು ಕಾಯ್ತೀವಿ, ಪ್ರಯತ್ನ ಮಾಡಿ," ಎಂದರು ಮೇಡಂ.

"ಕೊಡಿಲ್ಲಿ," ಎಂದಳು ರೇಣುಕಾ.

ಯಂತ್ರ ಎದ್ದಿತು. ಅವಳು ಕಂಟ್ರೋಲ್ ಪ್ಯಾನೆಲ್ ತೆಗೆಯುವಷ್ಟರಲ್ಲೇ ತಾನು ಸಾಯುತ್ತಿದ್ದೇನೆಂದು ನಂಬಿ ಮತ್ತೆ ಮುಚ್ಚಿಕೊಂಡಿತು. ಎರಡನೆಯ ಸಲ ಎಬ್ಬಿಸಿದಳು. ಹಾದಿ ಅವಳ ಬೆರಳಿಗೆ ಬಾಯಿಪಾಠವಾಗಿತ್ತು. ಈ ಕಿಟಕಿ, ಆ ಸಾಲು, ಅದರೊಳಗಿನ ಸಾಲು, ಬ್ಯಾಟರಿಯ ಮೇಲಿದ್ದಾಗ. ಅರವತ್ತನ್ನು ಅಳಿಸಿ ಐದು ಬರೆದಳು. ಬೆಳಕಿನ ಗುಂಡಿಯನ್ನು ಮೇಲಕ್ಕೆ ಎಳೆದಳು. ಪಡಸಾಲೆಯ ಗೋಡೆಯ ಮೇಲೆ ಒಮ್ಮೆಲೇ ನೀಲಿ ಬೆಳಕು ಬಿತ್ತು.

ಅವಳ ಭುಜದ ಮೇಲಿಂದ ಖುಷ್ಬು ಎಲ್ಲವನ್ನೂ ನೋಡುತ್ತಿದ್ದಳು. ಎಲ್ಲಿ ಹೋಗಬೇಕೆಂದು ಹುಡುಕದೆ ನೇರ ಅಲ್ಲಿಗೇ ಹೋದ ಬೆರಳನ್ನೂ ನೋಡಿದಳು. ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಪಾಠಕ್ಕೆ ಮರಳಿದಳು. ಆದರೆ ಬಿಟ್ಟ ಮಾತು ಮತ್ತೆ ಹಿಡಿಯುವುದಕ್ಕೆ ಅವಳಿಗೆ ಆಗಲಿಲ್ಲ. ಎಲ್ಲಿಗೆ ಬಂದಿದ್ದೆ ಎಂದು ತಡಕಾಡಿದಳು, ಅದೇ ಚಿತ್ರವನ್ನು ಎರಡು ಸಲ ತೋರಿಸಿದಳು. ಮೇಡಂ ಗಡಿಯಾರ ನೋಡಿ, "ಇನ್ನೊಬ್ಬರು ಕಾಯ್ತಾ ಇದ್ದಾರಮ್ಮಾ. ನೋಡಿದ್ದರ ಮೇಲೆ ತಿಳಿಸ್ತೀವಿ," ಎಂದು ಹೋದರು.

ಪರದೆ ಬೆಳಗುತ್ತಲೇ ಇತ್ತು. ಐವತ್ತೆಂಟು ಎಂದು ತೋರಿಸುತ್ತಿತ್ತು.

"ಅರೆ, ಇನ್ನೂ ಉರಿಯಾಕ ಹತ್ತೈತಿ!" ಎಂದಳು ಅವ್ವ.

"ನಮ್ಮ ರೇಣುಕಾ ರಿಪೇರಿ ಮಾಡಿದ್ಲು ನೋಡ್ರಿ," ಎಂದು ಶಾಹಜಾದಬಿ ಎದ್ದು ಬಂದಳು. "ಎರಡು ಕುಟುಕು ಕುಟುಕಿದ್ಲು, ಎದ್ದು ಕುಂತಿತು. ಓದಿದ್ದಕ್ಕ ಸಾರ್ಥಕ ಆತವಾ." ರೇಣುಕಾಳ ಕೆನ್ನೆಗಳನ್ನು ಎರಡೂ ಕೈಯಿಂದ ಸವರಿ, ಬೆರಳನ್ನು ತನ್ನ ಹಣೆಯ ಬದಿಗೆ ಒತ್ತಿಕೊಂಡು ನೆಟಿಗೆ ಮುರಿದಳು. ಬೆರಳುಗಳೆಲ್ಲ ಒಟ್ಟಿಗೇ ಲಟಲಟ ಎಂದವು. "ಎಷ್ಟು ದೃಷ್ಟಿ ಇತ್ತು ನೋಡ್ರಿ ಹುಡುಗಿಗೆ!"

ಖುಷ್ಬು ಚಾರ್ಜರಿನ ವೈರನ್ನು ನಿಧಾನವಾಗಿ ಸುತ್ತುತ್ತಿದ್ದಳು. ತಲೆ ಎತ್ತಿ ನೋಡಿದಳು, ಮತ್ತೆ ಸುತ್ತತೊಡಗಿದಳು. ಹೇಳುತ್ತೀಯೋ ಇಲ್ಲವೋ ಎಂಬ ಪ್ರಶ್ನೆಯೂ ಆ ನೋಟದಲ್ಲಿರಲಿಲ್ಲ. ಹೇಳುವುದಿಲ್ಲ ಎಂದು ಅವಳು ಆಗಲೇ ತಿಳಿದುಕೊಂಡಂತಿತ್ತು.

"ಚಿಗವ್ವಾ, ಅದು ಕೆಟ್ಟಿದ್ದಿಲ್ರಿ," ಎಂದಳು ರೇಣುಕಾ. ದನಿ ಎಲ್ಲಿಂದಲೋ ಬಂದಂತಿತ್ತು. "ನಾನ ಹಂಗ ಮಾಡಿಟ್ಟಿದ್ದೆ."

"ಏನು ಮಾಡಿಟ್ಟಿದ್ದಿ?"

"ಅರವತ್ತಕ್ಕ ಬಂದ್ ಆಗೂಹಂಗ. ಸೆಟ್ಟಿಂಗ್‌ನಾಗ. ಬ್ಯಾಟ್ರಿ ಛಲೋ ಐತಿ."

"ಅಯ್ಯ, ನೋಡ್ರಿ ಹೆಂಗ ಅಂತಾಳ!" ಶಾಹಜಾದಬಿ ನಕ್ಕಳು. "ತಾ ರಿಪೇರಿ ಮಾಡಿ, ನಮ್ಮ ಹುಡುಗಿ ಮ್ಯಾಲೆ ಮಾತು ಬರಬಾರದಂತ ತನ್ನ ಮ್ಯಾಲೆ ಹಾಕ್ಕೊಳ್ಳಾಕ ಹತ್ಯಾಳ."

"ಇಲ್ರಿ ಚಿಗವ್ವಾ. ಹಂಗಲ್ರಿ."

ಎರಡೆರಡು ಮನೆಗಳು, ಪ್ಲಗ್ಗಿನದು, ಬ್ಯಾಟರಿಯದು, ಇದನ್ನೆಲ್ಲ ಯಾವ ಮಾತಿನಲ್ಲಿ ಹೇಳುವುದು? ಇನ್ನೊಂದು ಕ್ಷಣ ಸುಮ್ಮನಿದ್ದರೆ ಇದೂ ಅವಳ ದೊಡ್ಡಗುಣವಾಗಿ ಉಳಿದುಬಿಡುತ್ತಿತ್ತು. ಹಾಗೆಯೇ ಬಿಟ್ಟುಬಿಡುವ ಆಸೆ ಒಳಗೆ ಎಲ್ಲೋ ಎದ್ದದ್ದನ್ನೂ ಅವಳು ಕಂಡಳು.

ಮಂಚದ ಮೇಲಿಂದ ಮುದುಕವ್ವ ಕೆಮ್ಮಿದಳು. "ಆಕಿಗೆ ಕೊಡೂ ಮನಸಿದ್ದಿಲ್ಲೇನು ನಿನಗ?"

"ಇದ್ದಿಲ್ಲ," ಎಂದಳು ರೇಣುಕಾ.

ಈಗ ಎಲ್ಲರಿಗೂ ತಿಳಿಯಿತು. ಯಂತ್ರದ ಸುದ್ದಿ ಬೇಕಾಗಿರಲಿಲ್ಲ. ಶಾಹಜಾದಬಿಯ ಕೈ ಇನ್ನೂ ರೇಣುಕಾಳ ತೋಳಿನ ಮೇಲಿತ್ತು. ಅವಳು ಅದನ್ನು ಕಿತ್ತುಕೊಳ್ಳಲಿಲ್ಲ. ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ಮೆಲ್ಲಗೆ ತೆಗೆದಳು. "ಬಾರವಾ ಖುಷ್ಬು, ಮನ್ಯಾಗ ಕೆಲಸ ಅದಾವ," ಎಂದು ಚಪ್ಪಲಿ ಹುಡುಕತೊಡಗಿದಳು. ಅವಳ ಕಾಲ ಹತ್ತಿರವೇ ಇದ್ದವು, ಕಾಣಲಿಲ್ಲ. ಬಾಗಿಲು ದಾಟುವಾಗ ಖುಷ್ಬು ಅಂದಳು: "ಕೊಡಂಗಿಲ್ಲ ಅಂದಿದ್ರ ಬ್ಯಾರೆ ಕಡೆ ಕೇಳ್ತಿದ್ನೆಕ್ಕಾ. ಕುಷ್ಟಗಿ ಒಳಗ ನಮ್ಮ ಫಾತಿಮಾಬೀ ಮೌಸಿ ಮನ್ಯಾಗ ಒಂದು ಲ್ಯಾಪ್‌ಟಾಪ್ ಐತಿ. ಬಸ್ಸಿಗೆ ಹೋಗಿ ಮಾಡಿಕೊಂಡು ಬರ್ತಿದ್ದೆ."

ಆ ಸಂಜೆ ಅವ್ವ ಬೈಯಲಿಲ್ಲ. ಪಕೀರಪ್ಪ ವಿಷಯ ಕೇಳಿ, ಬಟ್ಟಲಲ್ಲಿ ಕೈ ತೊಳೆದು, ಊಟ ಸಾಕೆಂದು ಎದ್ದ. ಫಾಲ್ ಹಾಕಿದ ಸೀರೆಗಳು ಕುರ್ಚಿಯ ಮೇಲೆ ಮಡಚಿಕೊಂಡು ಕೂತಿದ್ದವು. ಅವನ್ನು ಬೀರುವಿಗೆ ಇಡಲು ಯಾರಿಗೂ ಕೈ ಬರಲಿಲ್ಲ.

ಸಂಸ್ಥೆಯಿಂದ ಸಂದೇಶ ಬಂದ ಸುದ್ದಿ ರೇಣುಕಾಗೆ ನಳದ ಹತ್ತಿರ ಬಾನುಬೀಯ ಬಾಯಿಂದ ತಿಳಿಯಿತು. ಖುಷ್ಬುವನ್ನು ಎರಡನೆಯವಳಾಗಿ ಇಟ್ಟುಕೊಂಡಿದ್ದರಂತೆ. ಮೊದಲು ಆಯ್ಕೆಯಾದ ಗಂಗಾವತಿಯ ಹುಡುಗಿ ಬಾರದಿದ್ದರೆ ಕರೆಯುತ್ತಾರಂತೆ. "ಪಾಠ ನಡುವ ಹರಕೊಂಡಿದ್ದಕ್ಕ ಹಂಗಾತಂತ," ಎಂದ ಬಾನುಬೀ ಅವಳ ಮುಖ ನೋಡಲೇ ಇಲ್ಲ. ಕೊಡ ಅರ್ಧವಾಗಿದ್ದಾಗಲೇ ಎತ್ತಿಕೊಂಡು ರೇಣುಕಾ ಮನೆಗೆ ಬಂದಳು.

ಖುಷ್ಬು ಇನ್ನು ಬರುವುದಿಲ್ಲ ಎಂದು ರೇಣುಕಾ ಅಂದುಕೊಂಡಿದ್ದಳು. ಬಂದಳು. ಹೊಸ್ತಿಲು ದಾಟಿ ಒಳಗೆ ಬಂದು, ನೆಲಕ್ಕೆ ಕೂತು, "ಅದನ್ನ ತಗಿ ಅಕ್ಕಾ," ಅಂದಳು. "ಹೆಂಗ ಮಾಡಿದ್ದಿ, ತೋರಸು."

"ಯಾಕ?"

"ನನಗ ಗೊತ್ತಿದ್ರ ಮಾಳಿಗಿ ಮ್ಯಾಲೆ ನಾನ ಸರಿ ಮಾಡ್ಕೊಂತಿದ್ದೆ. ಗೊತ್ತಿದ್ದಿಲ್ಲ. ಕಲಸು."

ಬೈದಿದ್ದರೆ ಸುಲಭವಿತ್ತು. ರೇಣುಕಾ ಲ್ಯಾಪ್‌ಟಾಪ್ ತೆಗೆದಳು. ಒಂದೊಂದೇ ಕಿಟಕಿ ತೆಗೆದು, ಬೆರಳಿಟ್ಟು ತೋರಿಸಬೇಕಾಯಿತು.

"ಇಲ್ಲಿ. ಒಂದು ನಿಮಿಷ ಮುಟ್ಟದಿದ್ರ ಮಲಗೂದು."

"ಇದನ್ನ ನೀನ ಇಟ್ಟಿದ್ದು?"

"ಹೂಂ."

"ಮೊದಲ ಎಷ್ಟಿತ್ತು?"

"ಹದಿನೈದು."

ಖುಷ್ಬು ತಾನೇ ಕೈಯಿಟ್ಟು ಹದಿನೈದು ಮಾಡಿದಳು. "ಮುಂದ?"

"ಇದು ಬೆಳಕು. ಅವತ್ತ ಸರಿ ಮಾಡೀನಿ."

"ಇದನ್ನೂ ಬೇಕಂತನ ಇಳಿಸಿದ್ದಿ?"

"ಹೂಂ."

"ಅರವತ್ತು?"

"ಇಲ್ಲಿ. ಈಗ ಐದೈತಿ."

ಖುಷ್ಬು ಅದನ್ನೊಮ್ಮೆ ಒತ್ತಿ, ಅರವತ್ತು ಮಾಡಿ, ಹೇಗೆ ಕಾಣುತ್ತದೆ ಎಂದು ನೋಡಿ, ಮತ್ತೆ ಐದು ಮಾಡಿದಳು. "ಇಷ್ಟನಾ?" ಎಂದು ಕೇಳಿದಳು.

ಇಷ್ಟೇ ಎಂದಿದ್ದರೆ ಮುಗಿಯುತ್ತಿತ್ತು. ಉಳಿದದ್ದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

"ಇನ್ನೊಂದೈತಿ," ಎಂದಳು ರೇಣುಕಾ. ವೈಫೈ ಸಾಲನ್ನು ತೆಗೆದಳು. "ಇದಕ್ಕ ನೆಟ್ ಸಾವಕಾಶ ಆಗ್ತಿತ್ತು. ಇದೂ ನಾನ."

ಖುಷ್ಬು ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಅವಳ ಮುಖಕ್ಕೆ ಮೊದಲ ಸಲ ಸಿಟ್ಟು ಬಂದದ್ದನ್ನು ರೇಣುಕಾ ನೋಡಿದಳು. ಅದು ಬಂದಷ್ಟೇ ಬೇಗ ಇಳಿದು, ಆ ಜಾಗದಲ್ಲಿ ದಣಿವು ಕೂತಿತು. ಅದನ್ನೂ ಅವಳೇ ಸರಿಮಾಡಿದಳು. ರೇಣುಕಾಳ ಕೈ ಸಹಾಯಕ್ಕೆ ಹೋದಾಗ, "ಬಿಡು, ನಾ ಮಾಡ್ತೀನಿ," ಅಂದಳು.

ಎದ್ದು ಹೊರಡುವಾಗ ರೇಣುಕಾ ಲ್ಯಾಪ್‌ಟಾಪ್ ಮುಚ್ಚಿ, ಟವೆಲ್ ಸುತ್ತಿ, ಚಾರ್ಜರ್ ಮೇಲಿಟ್ಟು ಚಾಚಿದಳು. "ತಗೊಂಡು ಹೋಗು. ಬ್ಯಾರೆ ಅರ್ಜಿ ಹಾಕಬೇಕಲ್ಲ. ನಿನ್ನ ಕಡೆನ ಇರ್ಲಿ."

"ಬ್ಯಾಡಕ್ಕಾ," ಎಂದಳು ಖುಷ್ಬು.

ನೆವ ಹೇಳಲಿಲ್ಲ, ಆಮೇಲೆ ನೋಡೋಣ ಅನ್ನಲಿಲ್ಲ. ಎಷ್ಟು ಸರಳವಾಗಿ ಅಂದಳೆಂದರೆ ರೇಣುಕಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತಳು. ಖುಷ್ಬು ಓಣಿಗಿಳಿದು, ತಮ್ಮ ಬಾಗಿಲ ಪರದೆ ಸರಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ, ನಾಳೆ ಕುಷ್ಟಗಿಗೆ ಮೌಸಿಯ ಮನೆಗೆ ಹೋಗಲು ಮೊದಲ ಬಸ್ಸು ಎಷ್ಟಕ್ಕೆ ಎಂದು ಅವಳು ಮಾಜೀದನನ್ನು ಕೇಳುವುದು ಕೇಳಿಸಿತು.